ಹೊಳ್ಳಿ ಬಂದ ಚೀಲ

ಗೆಡ್ಡೆಯ ಮೊಳಕೆಯ ಸುತ್ತ ಒಲೆಯ ಬೂದಿ ಮೆತ್ತಿಕೊಂಡಿತ್ತು. ಮಣ್ಣಲ್ಲ, ಬೂದಿ. ಮಣ್ಣಾಗಿದ್ದರೆ ಒಣಗಿ ಉದುರಿಹೋಗಬೇಕಿತ್ತು. ಇದು ಬೆರಳಿಗೆ ನುಣ್ಣಗೆ ಹತ್ತಿತು, ಮೂಗಿನ ಹತ್ತಿರ ಹಿಡಿದರೆ ಹೊಗೆಯ ವಾಸನೆ ಬಂತು.

ಮಾರ್ಚ್ ತಿಂಗಳ ಒಂದು ಗುರುವಾರ, ಸಂಜೆಯ ಹೊತ್ತು. ದಾಂಡೇಲಿಯ ನಮ್ಮ ಗೋದಾಮಿನಲ್ಲಿ ಜೋಯಿಡಾ ಕಡೆಯಿಂದ ಬಂದ ಪಿಕಪ್ ಗಾಡಿಯ ಮಾಲನ್ನು ತೂಕದ ಕಾಟಾದ ಮೇಲೆ ಇಳಿಸುತ್ತಿದ್ದರು. ಒಂದು ಚೀಲದ ಬಾಯಿ ಬಿಚ್ಚಿ ಕೈ ಹಾಕಿದವಳು ನಾನು. ಕೈಗೆ ಸಿಕ್ಕಿದ್ದು ಕೋನ್ ಎಂದು ಆ ಕಡೆಯವರು ಕರೆಯುವ, ಬಳ್ಳಿಗೆ ಬಿಡುವ ದೊಡ್ಡ ಗೆಡ್ಡೆಯ ತುಂಡು. ಕೊಯ್ದ ಮುಖಕ್ಕೆ ಬೂದಿ ಹಚ್ಚಿ ಒಣಗಿಸಿದ್ದರು. ಮಾರುವ ಗೆಡ್ಡೆಗೆ ಯಾರೂ ಬೂದಿ ಹಚ್ಚುವುದಿಲ್ಲ. ಈ ಚೀಲ ಯಾವ ಮನೆಯದು ಎಂದು ನಾನು ಕೇಳಲಿಲ್ಲ. ಆ ಬೂದಿಯನ್ನು ಎರಡು ತಿಂಗಳ ಹಿಂದೆ ಒಂದು ಅಟ್ಟದ ಮೇಲೆ ನೋಡಿದ್ದೆ.

ನಾನು ರೈತರ ಒಂದು ಸಂಘದಲ್ಲಿ ಸಾಗಣೆ ನೋಡಿಕೊಳ್ಳುತ್ತೇನೆ. ಯಾವ ದಿನ ಯಾವ ಊರಿಗೆ ಗಾಡಿ ಹೋಗಬೇಕು, ಬಂದ ಮಾಲು ಕೆಡುವ ಮೊದಲು ಧಾರವಾಡಕ್ಕೋ ಬೆಳಗಾವಿಗೋ ಹೇಗೆ ಹೊರಡಬೇಕು ಎಂಬುದನ್ನು ಗೊತ್ತುಮಾಡುವುದು ನನ್ನ ಕೆಲಸ. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಇಲ್ಲಿನ ಕಾಗದದ ಕಾರ್ಖಾನೆಯಲ್ಲಿ ನೌಕರಿಗೆ ನಿಂತವರು. ನಾನು ಧಾರವಾಡದಲ್ಲಿ ಎಂಬಿಎ ಮುಗಿಸಿ ತಿರುಗಿ ದಾಂಡೇಲಿಗೇ ಬಂದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಂಡಗೋಡದ ಹತ್ತಿರದ ಒಂದು ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೆ ಟೊಮ್ಯಾಟೊ ಕ್ರೇಟುಗಳು ನಮ್ಮ ಗಾಡಿಗಾಗಿ ಕಾದು ಕಾದು ತಳದಿಂದ ನೀರು ಬಿಟ್ಟಿದ್ದವು. ರೈತನ ಹೆಂಡತಿ ಒಂದೊಂದೇ ಕ್ರೇಟನ್ನು ಎಮ್ಮೆಯ ಮುಂದೆ ಬೋರಲು ಹಾಕುತ್ತಿದ್ದಳು.

"ನಮ್ಮ ಎಮ್ಮಿ ನಸೀಬಾ ಚೊಲೋ ಐತ್ರಿ," ಎಂದಳು ನನ್ನನ್ನು ನೋಡಿ. "ನಿಮ್ಮ ಗಾಡಿ ತಡಾ ಮಾಡಿದಷ್ಟೂ ಅದಕ್ಕ ಹಬ್ಬ."

ನಾನು ನಗಲಿಲ್ಲ. ಸಂಘಕ್ಕೆ ಇದ್ದದ್ದು ಒಂದೇ ಗಾಡಿ. ಅದೇ ದಿನ ಆ ಗಾಡಿ ಜೋಯಿಡಾ ಕಾಡಿನೊಳಗಿನ ಒಂದೊಂದೇ ಮನೆಯ ಅಂಗಳಕ್ಕೆ ಇಳಿದು ಹತ್ತಿ, ಅರ್ಧ ಖಾಲಿಯಾಗಿ ತಿರುಗಿ ಬರುತ್ತಿತ್ತು. ಒಂದು ಕಡೆ ಗಾಡಿಯಿಲ್ಲದೆ ಮಾಲು ಕೊಳೆಯುತ್ತಿತ್ತು, ಇನ್ನೊಂದು ಕಡೆ ಮಾಲಿಲ್ಲದೆ ಗಾಡಿ ಡೀಸೆಲ್ ಸುಡುತ್ತಿತ್ತು. ಇದನ್ನು ಸರಿಮಾಡಬಹುದು ಎಂದು ಯಾರಿಗಾದರೂ ಅನ್ನಿಸಬೇಕು. ನನಗೆ ಅನ್ನಿಸಿತು.

ಬದಲಾಯಿಸುವ ಮೊದಲು, ಗಾಡಿ ಮುಖ್ಯ ರಸ್ತೆ ಬಿಟ್ಟು ಮನೆಗಳ ಕಡೆ ಇಳಿಯುವ ಎಲ್ಲ ತಿರುವುಗಳನ್ನೂ ಕಣ್ಣಾರೆ ನೋಡಬೇಕೆಂದು ಜನವರಿಯಲ್ಲಿ ಗಾಡಿಯಲ್ಲೇ ಹೊರಟೆ. ಓಡಿಸುತ್ತಿದ್ದವರು ನಾವೆಲ್ಲ ಚಾಚಾ ಎಂದು ಕರೆಯುವ, ಬಿಳಿ ಗಡ್ಡದ ಹಳೆಯ ಡ್ರೈವರ್. ಸೂಪಾ ದಾಟಿ, ಜೋಯಿಡಾ ದಾಟಿ, ಕುಂಬಾರವಾಡದಿಂದ ಮುಂದೆ ಉಳವಿಯ ದಾರಿಯಲ್ಲಿ ಸ್ವಲ್ಪ ಹೋದ ಮೇಲೆ ಅವರು ಗಾಡಿಯನ್ನು ಎಡಕ್ಕೆ, ಕೆಂಪು ಮಣ್ಣಿನ ಇಳಿಜಾರಿಗೆ ತಿರುಗಿಸಿದರು. ಆ ದಾರಿ ಒಂದೇ ಮನೆಯ ಅಂಗಳದಲ್ಲಿ ಮುಗಿಯುತ್ತಿತ್ತು.

ಆ ಮನೆಯಾಕೆಯನ್ನು ಚಾಚಾ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಐವತ್ತರ ಆಸುಪಾಸಿನ ಹೆಂಗಸು. ಗಂಡ ದಾಂಡೇಲಿ ಕಡೆಯ ಒಂದು ರೆಸಾರ್ಟಿನಲ್ಲಿ ಅಡುಗೆಗೆ ಇದ್ದ, ರಜೆ ಸಿಕ್ಕಾಗ ಬರುತ್ತಿದ್ದ. ಗದ್ದೆ, ಗೆಡ್ಡೆಯ ಬಳ್ಳಿ, ಕೆಂಪು ಹುಳಿಹಣ್ಣಿನ ಮುರುಗಲ ಮರಗಳು, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಆಕೆ. ಹಿಂದಿನ ಮಳೆಗಾಲದಲ್ಲಿ ಹಳ್ಳ ದಾಟುವಾಗ ಜಾರಿ ಬಿದ್ದು ಬಲಗೈ ಹೆಗಲಿನ ಹತ್ತಿರ ಹಿಡಿದುಕೊಂಡಿತ್ತು. ಅಗೆಯುವುದು, ಕೊಯ್ಯುವುದು ಆಗುತ್ತಿತ್ತು, ಕೈ ಮಾತ್ರ ತಲೆಯವರೆಗೆ ಏಳುತ್ತಿರಲಿಲ್ಲ. ತಲೆಯ ಮೇಲೆ ಹೊರೆ ಹೊತ್ತು ಒಂದು ಕೈಯಿಂದ ಹಿಡಿದು ಕಾಡಿನ ಏರು ಹತ್ತಿ ಕುಂಬಾರವಾಡಕ್ಕೆ ಹೋಗುತ್ತಿದ್ದವಳಿಗೆ ಈಗ ಅಂಗಳಕ್ಕೆ ಬರುವ ನಮ್ಮ ಗಾಡಿಯೇ ದಾರಿ. ಇದನ್ನು ಆಕೆ ಹೇಳಿಕೊಳ್ಳಲಿಲ್ಲ. ಗಾಡಿಗೆ ಚೀಲ ಏರಿಸುವಾಗ ಎಡಗೈಯನ್ನಷ್ಟೇ ಬಳಸಿದ್ದನ್ನು ನೋಡಿ ನಾನು ಕೇಳಿದೆ. ಚಾಚಾ ಹೇಳಿದರು.

ಅವತ್ತು ಆಕೆಯ ಹತ್ತಿರ ಮಾರುವ ಮಾಲು ಹೆಚ್ಚಿಗೆ ಇರಲಿಲ್ಲ. ಆದರೂ ಒಳಗೆ ಹೋಗಿ ಎರಡು ಬೂದುಗುಂಬಳ ತಂದು ಗಾಡಿಯ ಹಿಂದೆ ಇಟ್ಟಳು. ಮತ್ತೆ ಹೋಗಿ ಒಂದು ಬಾಳೆಗೊನೆ ತಂದಳು.

"ಇದು ಮಾರೂದೇನ್ರಿ?" ಎಂದು ಕೇಳಿದೆ.

"ಗಾಡಿ ಖಾಲಿ ಕಳಸಬಾರ್ದು ಬಾಯ್," ಎಂದಳು. ಮಗಳ ವಯಸ್ಸಿನವರನ್ನು ಕೊಂಕಣಿ ಮನೆಗಳಲ್ಲಿ ಹಾಗೆ ಕರೆಯುತ್ತಾರೆ. "ಅಂಗಳಕ್ಕ ಬಂದ ಗಾಡಿ ಖಾಲಿ ಹೋದ್ರ ಮನೀಗ ಚೊಲೋ ಅಲ್ಲ."

"ನೋಡ್ರಿ ಮೇಡಮ್," ಎಂದರು ಚಾಚಾ, "ಈ ಮನ್ಯಾಗ ಗಾಡಿಗೆ ಊಟ, ನನಗ ಬರೇ ಚಹಾ."

"ನಿನ್ನ ಹೊಟ್ಟಿ ಗಾಡಿಗಿಂತ ದೊಡ್ಡದೈತಿ. ತುಂಬ್ಸಾಕ ನಾ ಎಲ್ಲಿಂದ ತರ್ಲಿ?"

ಚಾಚಾ ಹೊಟ್ಟೆಯ ಮೇಲೆ ಕೈ ಆಡಿಸಿಕೊಂಡು ನಕ್ಕರು. ಚಹಾ ಕುದಿಯುವವರೆಗೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಲೆಯ ಮೇಲಿನ ಅಟ್ಟದಲ್ಲಿ ಬೂದಿ ಬಳಿದ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟಿದ್ದಳು.

"ಬೀಜ," ಎಂದಳು ನನ್ನ ಕಣ್ಣು ಹೋದದ್ದನ್ನು ಕಂಡು. "ಮಳಿ ಬೀಳೂಕಿಂತ ಮೊದ್ಲ ಹಚ್ಚೂದು. ನಮ್ಮತ್ತಿ ಸೀರೀ ಸೆರಗಿನ್ಯಾಗ ಕಟಗೊಂಡು ತಂದಿದ್ಲು. ಅವರ ಊರು ಸೂಪಾ ಡ್ಯಾಮಿನ ನೀರಾಗ ಹೋತಲ್ಲ, ಆವಾಗ. ಊರು ಕೆಳಗ ಉಳೀತು, ಗೆಡ್ಡಿ ಮ್ಯಾಲ ಬಂತು."

"ಇದನ್ನೂ ಮಾರ್ತೀರೇನು?" ಎಂದು ಕೇಳಿದ್ದು ನನ್ನ ಕೆಲಸದ ಅಭ್ಯಾಸದಿಂದ.

ಆಕೆ ಗಾಡಿಯ ಕಡೆ ಮುಖ ಮಾಡಿ ಕೂಗಿದಳು: "ಕೇಳಿದಿ ಚಾಚಾ? ನಿಮ್ಮ ಮೇಡಮ್ ನನ್ನ ಬೀಜ ಮಾರ್ತೀಯೇನು ಅಂತ ಕೇಳಾಕತ್ತಾಳ!" ಇಬ್ಬರೂ ಬಹಳ ಹೊತ್ತು ನಕ್ಕರು.

ಫೆಬ್ರವರಿಯಲ್ಲಿ ಹೊಸ ವ್ಯವಸ್ಥೆ ಜಾರಿಗೆ ಬಂತು. ಪ್ರತಿ ತಿರುವಿನಿಂದ ವಾರಕ್ಕೆ ನಾಲ್ಕು ಚೀಲವಾದರೂ ಮಾಲು ಬರಬೇಕು. ಒಂದು ಸಲ ಕಡಿಮೆಯಾದರೆ ನಡೆಯುತ್ತದೆ, ಎರಡನೇ ಸಲವೂ ಕಡಿಮೆ ಬಿದ್ದರೆ ಆ ಹಂಗಾಮಿಗೆ ಗಾಡಿ ಅಲ್ಲಿಗೆ ಹೋಗುವುದಿಲ್ಲ, ಮಾಲನ್ನು ಕುಂಬಾರವಾಡದ ರಸ್ತೆಗೆ ತರಬೇಕು. ಉಳಿದ ಸಮಯಕ್ಕೆ ಗಾಡಿ ಹಳಿಯಾಳ, ಮುಂಡಗೋಡದ ಕಡೆ ಹೆಚ್ಚು ಸುತ್ತು ಹೊಡೆಯುತ್ತದೆ. ಇದನ್ನು ಕುಂಬಾರವಾಡದ ಅಂಗಡಿಯ ಮುಂದೆ ಸೇರಿದ ಹೆಂಗಸರಿಗೆ ನಾನು ಸಾಧ್ಯವಾದಷ್ಟು ಬಿಡಿಸಿ ಹೇಳಿದೆ.

"ಅಂದ್ರ ಗಾಡಿಗೆ ಹೊಟ್ಟಿ ತುಂಬ ಹಾಕಬೇಕು," ಎಂದಳು ಮುಂದೆ ಕೂತ ಒಬ್ಬಳು. "ಇಲ್ಲಂದ್ರ ಸಿಟ್ಟಾಗಿ ತವರಮನಿಗೆ ಹೋಗ್ತೈತಿ."

"ತವರಮನಿ ಮುಂಡಗೋಡ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಮಾವಶಿ ಗುಂಪಿನ ಹಿಂದೆ ನಿಂತಿದ್ದಳು. ನಗು ನಿಂತ ಮೇಲೆ ಕೇಳಿದಳು: "ನನ್ನ ಅಂಗಳಕ್ಕೂ ಹಂಗೇನು?"

"ಎಲ್ಲಾರಿಗೂ ಒಂದ ನಿಯಮ ಮಾವಶಿ."

"ಆತು ಬಿಡು ಬಾಯ್. ನಾಲ್ಕ ಚೀಲ ತಾನ? ಹಾಕ್ತೇನಿ."

ಮನೆಗೆ ಬಂದವರಿಗೆ ಇನ್ನೊಂದು ರೊಟ್ಟಿ ಹಾಕುತ್ತೇನೆ ಎನ್ನುವ ಧಾಟಿಯಲ್ಲಿ ಆಕೆ ಅದನ್ನು ಹೇಳಿದಳು. ನಾನು ಹೇಳಿದ್ದು ಸಾಗಣೆಯ ಮಾತು. ಆಕೆಯ ಕಿವಿಗೆ ಅದು ಹೇಗೆ ಬಿದ್ದಿತೆಂದು ಆಗ ನನಗೆ ತಿಳಿಯಲಿಲ್ಲ.

ಗೆಡ್ಡೆಯ ಕೊಯ್ಲು ಮುಗಿದು ಮುರುಗಲ ಹಣ್ಣಾಗುವ ನಡುವೆ ಆ ಕಡೆ ಮಾರಲು ಏನೂ ಇರುವುದಿಲ್ಲ. ಫೆಬ್ರವರಿಯ ಕೊನೆಯಲ್ಲಿ ಒಂದು ವಾರ ಮಾವಶಿಯ ಅಂಗಳದಿಂದ ಎರಡೇ ಚೀಲ ಬಂತು. ಅದಾದ ಮೇಲೆ ಒಂದು ವಾರವೂ ತಪ್ಪಲಿಲ್ಲ. ಸುತ್ತಲಿನ ತಿರುವುಗಳೆಲ್ಲ ಒಂದೊಂದಾಗಿ ಬಿದ್ದುಹೋದರೂ ಆಕೆಯದು ನಿಂತಿತು. ನಮ್ಮ ಸಂಘದ ಕಾರ್ಯದರ್ಶಿ ಹಳಿಯಾಳದವರು, ನಿವೃತ್ತಿಯಾಗಿ ಬಂದ ಕೃಷಿ ಇಲಾಖೆಯ ಮನುಷ್ಯ. ಅವರು ಗೋದಾಮಿಗೆ ಬಂದಾಗಲೆಲ್ಲ ಅದನ್ನೇ ಎತ್ತುತ್ತಿದ್ದರು.

"ಏನವಾ, ನಿನ್ನ ಮಾವಶಿ ಬಾಳ ಜೋರ ಅದಾಳಲ್ಲ! ಎಲ್ಲಾರೂ ನಾಪಾಸ್, ಅಕಿ ಒಬ್ಬಾಕೀ ಪಾಸ್."

ನನಗೂ ಒಳಗೊಳಗೆ ಸಂತೋಷವಾಗುತ್ತಿತ್ತು. ಮಾಲು ಏನು ಎಂದು ನೋಡಿದ್ದರೆ ಆಗುತ್ತಿತ್ತು. ಮೊದಲು ಬಂದದ್ದು ಕುಂಬಳಕಾಯಿ, ಆಮೇಲೆ ಬಾಳೆಕಾಯಿ, ಆಮೇಲೆ ಮನೆಯ ಊಟಕ್ಕೆಂದು ಉಳಿಸಿಕೊಂಡ ಗೆಡ್ಡೆಗಳು. ಆ ಗುರುವಾರ ಮೂರು ಚೀಲ ಕುಂಬಳ, ಬಾಳೆ. ನಾಲ್ಕನೆಯದರಲ್ಲಿ ಬೂದಿ ಹಚ್ಚಿದ ತುಂಡುಗಳು.

ಚೀಲವನ್ನು ಕಾಟಾದಿಂದ ಇಳಿಸಿ ಬದಿಗೆ ಇಡಿಸಿದೆ. ಬೆಳಗಾವಿಗೆ ಹೊರಡುವ ಬಾಡಿಗೆ ಲಾರಿಗೆ ಮಾಲು ತುಂಬುತ್ತಿದ್ದರು. ಕಾರ್ಯದರ್ಶಿಗಳು ಬಂದು ಚೀಲದೊಳಗೆ ಇಣುಕಿದರು.

"ಬೀಜದ ಗೆಡ್ಡಿ ಆದ್ರೇನಾತು, ತಿನ್ನಾಕ ಬರ್ತೈತಿಲ್ಲೋ?"

"ಬರ್ತೈತ್ರಿ ಸರ್."

"ಮತ್ತ?"

"ಮುಂದಿನ ವರ್ಷ ಅಕಿ ಏನ ಹಚ್ಚಬೇಕ್ರಿ?"

"ಅದು ಅಕಿ ವಿಚಾರ ಅಲ್ಲೇನವಾ? ಅಕೀನೂ ತಿಳದಾಕಿ ಅದಾಳ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ಚೀಲ ತಗದ್ರ ಅಕೀವು ಮೂರ ಉಳೀತಾವ. ಎರಡನೇ ಸಲ ಕಡಿಮಿ. ನಿಯಮ ಯಾರದು?"

"ನಂದ್ರಿ."

"ಅಕೀಗಷ್ಟ ಸಡಲ ಬಿಡ್ತೀಯೇನು?"

ಬಿದ್ದುಹೋದ ಬೇರೆ ತಿರುವುಗಳಲ್ಲೂ ಮನೆಗಳಿದ್ದವು. ಆ ಮನೆಗಳಲ್ಲೂ ಏನೋ ಒಂದು ನೋವು, ಏನೋ ಒಂದು ಕಷ್ಟ ಇದ್ದೇ ಇತ್ತು. ಅವರಿಗೆ ನಾನು ಸಡಿಲ ಬಿಟ್ಟಿರಲಿಲ್ಲ.

"ಹಂಗಾರ ವಿಚಾರ ಮಾಡಿ ತಗಿ," ಎಂದು ಹೇಳಿ ಅವರು ಲಾರಿಯ ಕಡೆ ಹೋದರು.

ವಿಚಾರ ಮಾಡಿಯೇ ತೆಗೆದೆ. ನಿಂತ ಗಾಡಿಯನ್ನು ಮುಂದಿನ ಕೊಯ್ಲಿಗೆ ಮತ್ತೆ ಕಳಿಸಬಹುದು, ಬೆಳಗಾವಿಯಲ್ಲಿ ಯಾರದೋ ಮನೆಯ ಪಲ್ಯವಾದ ಬೀಜವನ್ನು ಮತ್ತೆ ತರಲಾಗದು ಎಂದು ನನ್ನ ಲೆಕ್ಕ. ಯಾವುದು ಮರಳಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ತೂಗಿ ನೋಡುವುದನ್ನೇ ನಾನು ಓದಿದ್ದು. ಇಂದು ತೂಗಿದರೂ ತಕ್ಕಡಿ ಹೆಚ್ಚು ಕಡಿಮೆ ಅದೇ ಕಡೆ ವಾಲೀತು. ಆದರೆ ತೂಗುವವಳು ನಾನಾಗಿರಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಮುಂದಿನ ಗುರುವಾರ ಚಾಚಾರ ಕೈಯಲ್ಲಿ ಚೀಲ ತಿರುಗಿ ಕಳಿಸಿದೆ. ಆ ಅಂಗಳಕ್ಕೆ ಇದೇ ಕೊನೆಯ ಸಲ ಎಂದು ಹೇಳಿಬರಲೂ ಕೇಳಿಕೊಂಡೆ.

"ಚೀಲ ಒಯ್ತೇನ್ರಿ," ಎಂದರು ಚಾಚಾ. "ಇನ್ನೊಂದು ಮಾತು ನನ್ನ ಬಾಯಿಂದ ಬರೂದಿಲ್ಲ. ನಾ ಅಕಿ ಮನೀ ಚಹಾ ಕುಡದೇನಿ."

ಸಂಜೆ ಗಾಡಿ ಬಂದಾಗ ಚೀಲ ಹಿಂದೆಯೇ ಇತ್ತು.

"ಒಳಗ ಇಡಾಕ ಬಿಡ್ಲಿಲ್ರಿ. ಕಟ್ಟೀ ಮ್ಯಾಲ ಇಟ್ಟೆ, ತಾನ ಎಡಗೈಲೆ ಎತ್ತಿ ಮತ್ತ ಗಾಡ್ಯಾಗ ಒಗದ್ಲು. ಹೊಸ್ತಿಲಾ ದಾಟಿ ಹೋದ ಬೀಜ ಹೊಳ್ಳಿ ಒಳಗ ಬರಬಾರ್ದಂತ. ಅವರ ಮನೀ ಪದ್ಧತಿಯಂತ." ಚಾಚಾ ಚೀಲದ ಬೆನ್ನು ತಟ್ಟಿದರು. "ಇಷ್ಟ ವರ್ಷ ಗಾಡಿ ಹೊಡದೇನಿ ಮೇಡಮ್, ಬಂದ ಮಾಲು ಹೋಗಿ, ಹೋದ ಮಾಲು ಮತ್ತ ಬಂದದ್ದು ಇದ ಮೊದಲು. ಇದಕ್ಕೊಂದು ಬಸ್ ಪಾಸರ ಮಾಡ್ಸಿ ಕೊಡ್ರಿ."

ಖಾಲಿ ಓಡಾಟ ತಪ್ಪಿಸಬೇಕೆಂದು ಹೊರಟವಳು ನಾನು. ನನ್ನ ಕಾರಣದಿಂದಲೇ ಒಂದು ಚೀಲ ದಾಂಡೇಲಿ ಮತ್ತು ಕಾಡಿನ ನಡುವೆ ಸುಮ್ಮನೆ ಹೋಗಿಬರುತ್ತಿತ್ತು. ಅದರ ಮರುವಾರ ಚೀಲದೊಂದಿಗೆ ನಾನೇ ಹೋದೆ.

ಮಾವಶಿ ಅಂಗಳ ಗುಡಿಸುತ್ತಿದ್ದಳು. ನಮ್ಮನ್ನು ಕಂಡು ಪೊರಕೆ ಬಿಟ್ಟು ಒಳಗೆ ಹೋಗಿ ಮುರುಗಲ ಸಿಪ್ಪೆ ನೆನೆಸಿದ ಪಾನಕ ತಂದಳು. ಚಾಚಾ ಲೋಟ ಹಿಡಿದು ಗಾಡಿಯ ಆ ಬದಿಗೆ ಹೋಗಿಬಿಟ್ಟರು. ಚೀಲವನ್ನು ನಾನು ಕಟ್ಟೆಯ ಮೇಲೆ ಇಟ್ಟಿದ್ದೆ. ಆಕೆ ಅದನ್ನು ನೋಡಲಿಲ್ಲ. ಈ ಹಂಗಾಮಿಗೆ ಗಾಡಿ ಇನ್ನು ಬರುವುದಿಲ್ಲ ಎಂಬುದನ್ನು ಮೊದಲು ಹೇಳಿದೆ.

"ಮಾವಶಿ, ಇದು ಬೀಜ."

"ನಾನ ಹಾಕೇನಿ. ನನಗ ಗೊತ್ತಿಲ್ಲೇನು?"

"ಮುಂದಿನ ವರ್ಷ ಏನ ಹಚ್ಚತೀರಿ?"

"ಗಾಡಿ ಬಂದ್ರ ಯಾರ ಕಡಿಂದರ ಬೀಜ ಇಸ್ಕೊಂಡು ಹಚ್ಚತಿದ್ದೆ. ನಮ್ಮ ಕೋನ್ ಸಿಗದಿದ್ರ ಮತ್ತೊಂದು. ಗಾಡಿ ಬರದಿದ್ರ ಬೀಜ ಇಟಗೊಂಡು ಏನ ಮಾಡ್ಲಿ, ನೀನ ಹೇಳು." ಆಕೆ ಬಲಗೈ ಎತ್ತಿದಳು. ಹೆಗಲಿನ ಮಟ್ಟಕ್ಕೆ ಬಂದು ಕೈ ನಿಂತಿತು. "ಬೆಳದು ಇದರ ಮ್ಯಾಲ ಹೊರ್ಲೇನು?"

ನಾನು ಲೋಟದೊಳಗಿನ ಕೆಂಪು ನೀರನ್ನು ಕುಡಿದು ಮುಗಿಸಿದೆ.

"ಆ ಚೀಲ ನೀ ತಗೀದಿದ್ರ ನಾಲ್ಕ ಇರ್ತಿದ್ವು," ಎಂದಳು.

"ಹೌದ್ರಿ."

"ಮತ್ತ ಯಾಕ ತಗದಿ?"

"ನಿಮ್ಮ ಬೀಜ ಹಾಳ ಆಗ್ತೈತಂತ."

"ನನ್ನ ಬೀಜದ ಕಾಳಜಿ ನನಗಿಂತ ನಿನಗ ಹೆಚ್ಚಾತು, ಹೌದಿಲ್ಲೋ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ಸಿಟ್ಟು ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

"ಯಾರಿಗರ ಕೊಡ್ರಿ ಮಾವಶಿ. ಕುಂಬಾರವಾಡದಾಗ ಯಾರರ ಹಚ್ಚಲಿ."

"ಕೊಟ್ಟೇನಲ್ಲ. ನಿನ್ನ ಗಾಡಿಗೆ ಕೊಟ್ಟೇನಿ." ಆಕೆ ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. "ಒಮ್ಮಿ ಹೊರಗ ಕೊಟ್ಟ ಬೀಜ ಬ್ಯಾರೇಯವ್ರ ಮಣ್ಣಾಗ ಎದ್ದು ಬರಬೇಕು. ಆಮ್ಯಾಲ ಬೇಕಾದ್ರ ಒಳಗ ಬರ್ಲಿ, ಅಟ್ಟಾ ಏರ್ಲಿ. ಮಣ್ಣ ಮುಟ್ಟದ ಹಂಗ ತಿರುಗಿ ಬಂದದ್ದು ಅಟ್ಟಾ ಏರೂದಿಲ್ಲ. ನಮ್ಮತ್ತಿ ಹೇಳಿಟ್ಟಾಳ."

ಚಾಚಾ ಗಾಡಿ ಚಾಲೂ ಮಾಡಿದರು. ಆಕೆ ಚೀಲವನ್ನು ಎಡಗೈಯಿಂದ ಎತ್ತಿ ಗಾಡಿಯ ಹಿಂದೆ ಇಟ್ಟಳು. ಆಕೆ ಕೊನೆಗೆ ಕೇಳಿದಳು: "ಮುಂದಿನ ಹಂಗಾಮಿಗೆ ಗಾಡಿ ಬರ್ತೈತೇನು ಬಾಯ್?"

ಬರ್ತೈತಿ ಎಂದು ಹೇಳಿದ್ದರೆ ಸಾಕಿತ್ತು. ಬರುವಂತೆ ಮಾಡುವುದು ಆಮೇಲಿನ ಮಾತು. ಆದರೆ ಖಾತ್ರಿಯಿಲ್ಲದ್ದನ್ನು ಹೇಳಿ ನನಗೆ ಅಭ್ಯಾಸವಿಲ್ಲ. "ನೋಡೂಣು ಮಾವಶಿ," ಎಂದೆ. ಆಕೆ ತಲೆ ಆಡಿಸಿ ಹಿತ್ತಲಿಗೆ ಹೋದಳು. ಬೇಸರವಾಗಿ ಹೋದಳೆಂದುಕೊಂಡೆ. ಅಲ್ಲ, ಒಂದು ಎಳೆ ಹಲಸಿನಕಾಯಿಯನ್ನು ಎಡಗೈಯಲ್ಲಿ ಅವಚಿಕೊಂಡು ಬಂದು ಗಾಡಿಯ ಹಿಂದೆ, ಚೀಲದ ಪಕ್ಕದಲ್ಲಿ ಇಟ್ಟಳು.

ಚೀಲವನ್ನು ಗೋದಾಮಿನ ಮೂಲೆಯಲ್ಲಿ, ಗಾಳಿ ಆಡುವ ಕಡೆ ಇಡಿಸಿದೆ. ಅದಕ್ಕೊಂದು ದಾರಿ ಹುಡುಕಬೇಕೆಂದುಕೊಂಡೇ ಏಪ್ರಿಲ್ ಕಳೆಯಿತು. ಕೆಲಸ ಹೆಚ್ಚಿತ್ತು. ಹೊಸ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿತ್ತು, ಅದನ್ನು ಇಲ್ಲವೆನ್ನಲಾರೆ. ಮುಂಡಗೋಡದ ಟೊಮ್ಯಾಟೊ, ಬದನೆ ಕಿತ್ತ ದಿನವೇ ಗೋದಾಮು ಸೇರುತ್ತಿದ್ದವು. ಆ ಎಮ್ಮೆಯ ಮನೆಯಾಕೆ ಒಮ್ಮೆ ಫೋನಿನಲ್ಲಿ, "ನಮ್ಮ ಎಮ್ಮಿ ನಿಮಗ ಶಾಪಾ ಹಾಕಾಕತ್ತೈತ್ರಿ, ಬರೇ ಒಣಾ ಜ್ವಾಳದ ಕಣಕಿ ತಿನ್ನೂದಾಗೇತಿ," ಎಂದು ನಗಿಸಿದ್ದಳು. ಮಾವು ಬಂತು, ಅದೂ ಕೊಳೆಯದೆ ದಾಟಿತು. ಸಂಘದ ಸಭೆಯಲ್ಲಿ ಕಾರ್ಯದರ್ಶಿಗಳು ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಹಾಳಾಗುವ ಮಾಲು ಬಹಳ ಕಡಿಮೆಯಾಗಿದೆ ಎಂದರು. ಅದು ಸುಳ್ಳಲ್ಲ.

ಮೇ ತಿಂಗಳ ನಡುವೆ, ಮೊದಲ ಗುಡುಗು ಕೇಳಿದ ವಾರ, ಚಾಚಾ ಜೋಯಿಡಾ ಕಡೆಯಿಂದ ತಡವಾಗಿ ಬಂದರು. ಕುಂಬಾರವಾಡದಲ್ಲಿ ಮಾಲು ತುಂಬುವಷ್ಟರಲ್ಲಿ ಗುರುತಿನವರೊಬ್ಬರ ಬೈಕಿನ ಹಿಂದೆ ಕೂತು ಮಾವಶಿಯ ಮನೆಗೆ ಹೋಗಿಬಂದಿದ್ದರಂತೆ. ಚಹಾದ ನೆನಪಾಯಿತು ಎಂದರು.

"ಬಾಗಲಾ ಹಾಕೇತ್ರಿ. ಗಂಡ ಇರೂ ರೆಸಾರ್ಟನ್ಯಾಗ ಪಾತ್ರೆ ತಿಕ್ಕಾಕ ಸೇರ್ಯಾಳಂತ. ಇನ್ನ ಅಲ್ಲೇ ಇರ್ತಾಳಂತ." ಅವರು ಟಾರ್ಪಾಲಿನ ಹಗ್ಗ ಬಿಚ್ಚುತ್ತ ಮುಂದುವರಿಸಿದರು. "ಮುರುಗಲ ಹಣ್ಣ ಎಲ್ಲಾ ಉದುರ್ಯಾವ. ಅಂಗಳ ಕೆಂಪಗ ಆಗೇತಿ. ಕಾಲಿಡಾಕ ಜಾಗಾ ಇಲ್ಲ, ಬರೇ ನೊಣಾ."

ಆ ಅಂಗಳವನ್ನು ನಾನು ನೋಡಲಿಲ್ಲ. ಆದರೆ ಆ ದಿನದಿಂದ ಅದು ನನ್ನ ಕಣ್ಣ ಮುಂದಿದೆ. ನಮ್ಮ ಕಾಟಾದ ಮೇಲೆ ಬಂದು ಕೆಟ್ಟದ್ದನ್ನು ಮಾತ್ರ ನಾವು ಹಾಳಾದ ಮಾಲು ಎನ್ನುತ್ತೇವೆ. ಕಾಟಾದವರೆಗೆ ಬರಲು ದಾರಿಯೇ ಇಲ್ಲದೆ ಮರದ ಕೆಳಗೆ ಕೊಳೆತದ್ದು ಯಾವ ಸಭೆಯಲ್ಲೂ ಬರುವುದಿಲ್ಲ. ಕಡಿಮೆಯಾಗಿದೆ ಎಂದು ಚಪ್ಪಾಳೆ ತಟ್ಟಿಸಿಕೊಂಡಾಗ ಅದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಎಲ್ಲರೂ ಹೋದ ಮೇಲೆ ಮೂಲೆಯ ಚೀಲ ಬಿಚ್ಚಿದೆ. ಮೂರು ಸಲ ಏರಿಳಿದು ಕುಲುಕಾಡಿದ ತುಂಡುಗಳಲ್ಲಿ ಹೆಚ್ಚಿನವು ಮೆತ್ತಗಾಗಿದ್ದವು, ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ತಳದಲ್ಲಿ ಕೆಲವು ಗಟ್ಟಿಯಿದ್ದವು. ಕತ್ತಲಲ್ಲೇ ಅವು ತೆಳ್ಳನೆಯ, ಬಣ್ಣವಿಲ್ಲದ ಮೊಳಕೆ ಬಿಟ್ಟಿದ್ದವು. ಗಟ್ಟಿಯಾದವನ್ನು ಆರಿಸಿ ಊಟದ ಡಬ್ಬಿಯ ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ.

"ಪಲ್ಯಾ ಮಾಡೂಣೇನು?" ಎಂದು ಅವ್ವ ಒಂದನ್ನು ಎತ್ತಿ ನೋಡಿದಳು.

"ಬ್ಯಾಡವ್ವಾ. ಹಚ್ಚೂದೈತಿ."

"ಎಲ್ಲಿ? ಈ ಹಿತ್ತಲದ ಕಲ್ಲಾ?"

"ಕಾಗದದ ಊರಾಗ ಕಾಗದಾನ ಬೆಳೀತೈತಿ," ಎಂದರು ಅಪ್ಪ, ಟಿವಿಯಿಂದ ಕಣ್ಣು ತೆಗೆಯದೆ. "ಗೆಡ್ಡಿ ಹಚ್ಚಿದ್ರ ನೋಟ್‌ಬುಕ್ ಬಂದೀತು ನೋಡವಾ."

ಯಾರ ಬೀಜ, ಯಾಕೆ ತಂದೆ ಎಂದು ಅವರು ಕೇಳಲಿಲ್ಲ. ಮನೆಯಲ್ಲಿ ಇದ್ದದ್ದು ಗ್ಯಾಸಿನ ಒಲೆ, ಬೂದಿ ಇರಲಿಲ್ಲ. ತುಂಡುಗಳನ್ನು ಅಡುಗೆಮನೆಯ ಹಲಗೆಯ ಮೇಲೆ, ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು ಮಲಗಿದೆ.

ಮರುದಿನ ಬೆಳಿಗ್ಗೆ ಬೇಗ ಎದ್ದು ಗೋದಾಮಿನ ಹತ್ತಿರದ ಚಹಾದಂಗಡಿಗೆ ಹೋದೆ. ಆ ಒಂದು ಅಂಗಡಿಯಲ್ಲಿ ಇನ್ನೂ ಕಟ್ಟಿಗೆಯ ಒಲೆ ಇದೆ. ಹಳೆಯ ಡಬ್ಬಿಯೊಂದರಲ್ಲಿ ಬೂದಿ ಕೇಳಿ ತಂದೆ. ಮೆತ್ತಗಾದ ಅಂಚುಗಳನ್ನು ಕೊಯ್ದು ತೆಗೆದು ಕೊಯ್ದ ಮುಖಕ್ಕೆಲ್ಲ ಬೂದಿ ಹಚ್ಚಿದೆ. ಹಿತ್ತಲ ಗೋಡೆಯ ಬುಡದಲ್ಲಿ ಕಲ್ಲು, ಹೆಂಚಿನ ಚೂರು ಆಯ್ದು ಗುಂಡಿ ತೋಡಿ, ಒಣಗಿದ ಎಲೆ ತುಂಬಿ, ಮೊಳಕೆ ಮೇಲೆ ಬರುವಂತೆ ಒಂದೊಂದೇ ತುಂಡನ್ನು ಇಟ್ಟು ಮಣ್ಣು ಮುಚ್ಚಿದೆ. ಬಳ್ಳಿ ಹಬ್ಬಲೆಂದು ಪ್ರತಿ ಗುಂಡಿಗೂ ಒಂದೊಂದು ಬಿದಿರ ಗಳ ಊರಿದೆ. ಆಮೇಲೆ ಕೈ ತೊಳೆದುಕೊಂಡು ಗೋದಾಮಿಗೆ ಹೋದೆ. ಮುಂಡಗೋಡದ ಗಾಡಿ ಹೊರಡುವ ಹೊತ್ತಾಗಿತ್ತು.